ಒಂಬತ್ತು ಸಾವಿರ ಗಿರಾಕಿಗಳು

ಬೆಳಿಗ್ಗೆ ಮಾವ ಕೊಟ್ರಬಸಪ್ಪನವರು ಅಂಗಡಿಗೆ ಕರೆಸಿ ಫೋನು ಮುಂದೆ ಹಿಡಿಯದಿದ್ದರೆ, ವಾಗೀಶನ ಆ ದಿನವೂ ಎಂದಿನಂತೆ ನೆಮ್ಮದಿಯಾಗಿ, ಅಂದರೆ ಏನೂ ಮಾಡದೆ, ಕಳೆದುಹೋಗುತ್ತಿತ್ತು.

ಆದೋನಿಯಲ್ಲಿ ಮಾವನದು ಹತ್ತಿಕಾಳಿನ ಹಿಂಡಿ ಅಂಗಡಿ. ಎಮ್ಮೆ ಸಾಕುವವರೆಲ್ಲ ಬಲ್ಲ ಹೆಸರು. ಎರಡು ತಿಂಗಳ ಕೆಳಗೆ ಅವರು ಅಳಿಯನ ಮಾತು ಕೇಳಿ ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕಿಸಿದ್ದರು. ಜಾಹೀರಾತನ್ನು ಯಾರಾದರೂ ಒತ್ತಿದಾಗಲೆಲ್ಲ ಮಾವನ ದುಡ್ಡು ಒಂದಿಷ್ಟು ಕರಗುತ್ತಿತ್ತು.

"ಒಂಬತ್ತು ಸಾವಿರ ಮಂದಿ ಒತ್ತ್ಯಾರಂತ, ಅಳಿಯಾರ. ಒಬ್ಬಾನೂ ಅಂಗಡಿ ಕಡೆ ಬಂದಿಲ್ಲ. ನನ್ನ ಹಿಂಡ್ಯಾಗ ಏನರ ಐಬು ಐತೇನ್ರಿ?"

ಯಾವ ಯಾವ ವೆಬ್‌ಪುಟದಲ್ಲಿ ಒತ್ತಿದ್ದಾರೆಂಬ ಪಟ್ಟಿಯೂ ಫೋನಿನಲ್ಲೇ ಇತ್ತು. ನೋಡಿದ ವಾಗೀಶನ ಮುಖಕ್ಕೆ ಸುಣ್ಣ ಬಳಿದಂತಾಯಿತು. ಎಲ್ಲವೂ ಅವನವೇ ಪುಟಗಳು!

ಮನೆಯಲ್ಲಿ 'ಕಂಪ್ಯೂಟರ್ ಕೆಲಸ' ಎಂದು ಹೇಳಿಕೊಂಡಿದ್ದ ಅವನ ಉದ್ಯೋಗ ಇಷ್ಟೇ: ಅವನ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ದಿನಕ್ಕೆ ನೂರಾರು ಪುಟ ಗೀಚುತ್ತಿತ್ತು. 'ಕೌತಾಳಂನ ಅತ್ಯುತ್ತಮ ದಂತವೈದ್ಯರು', 'ಆದೋನಿಯ ಹೆಸರಾಂತ ಪತ್ತೇದಾರರು', 'ನಾಗಲದಿನ್ನೆಯ ಹತ್ತು ಈಜುಕೊಳಗಳು'. ನಾಗಲದಿನ್ನೆಯಲ್ಲಿ ಈಜುವುದಕ್ಕಿರುವುದು ತುಂಗಭದ್ರೆ ಒಂದೇ. ಆದರೂ ಜನ ಏನು ಹುಡುಕಿದರೂ ಈ ಕಸವೇ ಮೇಲೆ ತೇಲುತ್ತಿತ್ತು. ಪುಟದ ಪಕ್ಕದಲ್ಲಿ ಬಂದು ಕೂರುವ ಜಾಹೀರಾತನ್ನು ಒತ್ತುವುದಕ್ಕೂ ಅವನು ಒಂದು ಪ್ರೋಗ್ರಾಂ ಇಟ್ಟಿದ್ದ. ಒತ್ತಿದಷ್ಟೂ ಅವನಿಗೆ ಪಾಲು. ಜಾಹೀರಾತು ಯಾರದೆಂದು ಅವನು ಒಂದು ದಿನವೂ ನೋಡಿದವನಲ್ಲ. ಉಂಡ ಮನೆಯ ಜಂತೆ ಎಣಿಸುವವರುಂಟು. ವಾಗೀಶ ಜಂತೆಯನ್ನೇ ಕಿತ್ತು ಮಾರಿದ್ದ.

ಮಾವನ ಹೆಗಲ ಮೇಲಿನ ರೇಷ್ಮೆ ಶಲ್ಯ, ಹೋದ ತಿಂಗಳು ಆ ಪಾಲಿನ ದುಡ್ಡಿನಲ್ಲೇ ಕೊಂಡು ಅವನು ಅಭಿಮಾನದಿಂದ ಕೊಟ್ಟದ್ದು. ಮಾವ ಅದರಲ್ಲಿ ಬೆವರು ಒರೆಸಿಕೊಂಡಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗಲೇ ಒಪ್ಪಿಕೊಂಡುಬಿಡುತ್ತಿದ್ದನೇನೋ. ಆದರೆ ಪಕ್ಕದಂಗಡಿಯ ದುರುಗಣ್ಣ ಅಲ್ಲೇ ನಿಂತು, ಇದು ಕಳ್ಳರ ಕೆಲಸ, ಸಿಕ್ಕವನಿಗೆ ಯಾವ ಕಾಲಿನ ಚಪ್ಪಲಿಯಲ್ಲಿ ಹೊಡೆಯಬೇಕು ಎಂದು ವಿಚಾರ ಮಾಡುತ್ತಿದ್ದ.

ವಾಗೀಶ ಮನೆಗೆ ಓಡಿ, ಬಾಗಿಲು ಹಾಕಿಕೊಂಡು, ಒತ್ತುವ ಪ್ರೋಗ್ರಾಂ ನಿಲ್ಲಿಸಿದ. ಪಾಪಕ್ಕೆ ಪ್ರಾಯಶ್ಚಿತ್ತವಾಗಲಿ, ನಿಜವಾದ ನಾಲ್ಕು ಗಿರಾಕಿಗಳಾದರೂ ಬರಲಿ ಎಂದು ತನ್ನ ಅಷ್ಟೂ ಪುಟಗಳಲ್ಲಿ ಮಾವನ ಅಂಗಡಿಯ ಫೋನ್ ನಂಬರು ಹಾಕಿದ. ಹೆಂಡತಿ ವಿಜಯಶ್ರೀ ಎರಡು ಸಲ ಇಣುಕಿದಳು. ಎರಡು ಸಲವೂ ಪಟ್ಟನೆ ಲ್ಯಾಪ್‌ಟಾಪ್ ಮುಚ್ಚಿದ.

ಮಧ್ಯಾಹ್ನದಿಂದ ಕರೆಗಳು ಬಂದವು. ಕೌತಾಳಂನಿಂದ ಮೊದಲನೆಯದು. "ಹಲ್ಲು ನೋವು ಯಾರಿಗ್ರಿ, ಎಮ್ಮಿಗೋ?" ಎಂದು ಮಾವ ಕಾಳಜಿಯಿಂದಲೇ ಕೇಳಿದರು. ಆಮೇಲೆ ಒಬ್ಬ ತೆಲುಗಿನಲ್ಲಿ ಈಜುಕೊಳದ ಆಳ ವಿಚಾರಿಸಿದ. ಇನ್ನೊಬ್ಬನಿಗೆ ಮದುವೆಗೆ ಬ್ಯಾಂಡ್ ಬೇಕಿತ್ತು. ಸಂಜೆ ಮತ್ತೆ ಬುಲಾವು ಬಂದು ವಾಗೀಶ ಹೋಗುವ ಹೊತ್ತಿಗೆ ಮಾವನ ಕಿವಿ ಕೆಂಪಾಗಿತ್ತು. ಫೋನನ್ನು ಸ್ಪೀಕರಿಗೆ ಹಾಕಿ ತಕ್ಕಡಿಯ ಪಕ್ಕದಲ್ಲಿಟ್ಟು, ಬಂದ ಕರೆಗೆಲ್ಲ ಬರೀ "ಹೂಂ" ಅನ್ನುತ್ತಿದ್ದರು. ದುರುಗಣ್ಣ ಸ್ಟೂಲು ಹಾಕಿಕೊಂಡು ಕೂತಿದ್ದ.

ಅಷ್ಟರಲ್ಲಿ ಮತ್ತೊಂದು ಕರೆ.

"ಹೂಂ."

"ಪತ್ತೇದಾರರೇನ್ರಿ? ನೆಟ್ಟಿನಾಗ ಕಂಡ ನಂಬರ್ ಹಂಗಾ ಒತ್ತೀನಿ. ನೆರಿಮನಿ ಗಾದಿಲಿಂಗಮ್ಮಾರ ಫೋನಿಂದ ಮಾತಾಡಾಕತ್ತೀನಿ. ನಮ್ಮ ಮನಿಯವ್ರು ಬೆಳಿಗ್ಗಿಂದ ಬಾಗಿಲಾ ಹಾಕ್ಕೊಂಡು ಕಂಪ್ಯೂಟರ್ ಮುಂದ ಕುಂತಿದ್ರು. ನಾ ಹೋದ್ರ ಮುಚ್ಚತಾರ. ಯಾವಾಕಿ ಗಂಟು ಬಿದ್ದಾಳೋ ನೋಡಿ ಹೇಳ್ರಿ. ನಮ್ಮಪ್ಪಗ ಮಾತ್ರ ಗೊತ್ತಾಗಬಾರ್ದು."

ವಿಜಯಶ್ರೀಯ ದನಿ. ಕೊಟ್ರಬಸಪ್ಪನವರು ಅಳಿಯನನ್ನೇ ನೋಡುತ್ತ, "ನಿಮ್ಮಪ್ಪಗ ಗೊತ್ತಾತವ್ವಾ" ಎಂದು ಫೋನು ಆರಿಸಿದರು.

ವಾಗೀಶ ಇನ್ನೇನು ಮಾಡಿಯಾನು? ದುರುಗಣ್ಣನ ಮುಂದೆಯೇ ಎಲ್ಲ ಹೇಳಿದ. ತಾನಾಗಿ ಬರೆಯುವ ಕಂಪ್ಯೂಟರು, ತಾನಾಗಿ ಒತ್ತುವ ಪ್ರೋಗ್ರಾಂ, ಮಾವನ ದುಡ್ಡು, ತನ್ನ ಪಾಲು. ಹೇಳುತ್ತ ನಾಚಿಕೆಯಿಂದ ಅವನ ಕಣ್ಣಲ್ಲಿ ನೀರೇ ಬಂತು.

ಮಾವ ಪೂರ್ತಿ ಕೇಳಿದರು.

"ಮನುಷ್ಯಾರಿಲ್ಲದ ಬರಿತೈತಂತ, ಮನುಷ್ಯಾರಿಲ್ಲದ ಒತ್ತತೈತಂತ. ಒಬ್ಬಾಕಿನ್ನ ಮುಚ್ಚಿಡಾಕ ಇಷ್ಟು ದೊಡ್ಡ ಸುಳ್ಳು ಬೇಕಾತೇನ್ರಿ, ಅಳಿಯಾರ?"

ಆಮೇಲೆ ಹೆಗಲ ಮೇಲಿನ ರೇಷ್ಮೆ ಶಲ್ಯ ತೆಗೆದು, ನೀಟಾಗಿ ಮಡಚಿ, ಅವನ ಕೈಗಿಟ್ಟರು.

"ಇದನ್ನೂ ಆಕಿಗೇ ಕೊಡ್ರಿ."