ನೆರಳಿಗೆ ಬೆದರುವ ಕಾರಿನ ವಿಷಯವಾಗಿ ಸರ್ವಿಸ್ ಸೆಂಟರಿನ ಮ್ಯಾನೇಜರರಿಗೆ

ಮಾನ್ಯರೇ,

ತಮ್ಮ ಹವಾನಿಯಂತ್ರಿತ ಕೋಣೆಗೂ, ಅದರೊಳಗಿನ ಚರ್ಮದ ಸೋಫಾಕ್ಕೂ, ಗುಂಡಿ ಒತ್ತಿದರೆ ಹಾಲಿಗೆ ನೊರೆ ಬರಿಸುವ ಕಾಫಿ ಯಂತ್ರಕ್ಕೂ, ಕಡೆಯದಾಗಿ ತಮಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ಮದುಮಕ್ಕಳನ್ನು ಮದುವೆಮನೆಗೆ ಮುಟ್ಟಿಸುವುದು ನನ್ನ ಕಸುಬು. ಅದಕ್ಕೆಂದೇ ನಾನೂ ನಮ್ಮ ಯಜಮಾನರೂ ಸೇರಿ ಕೊಂಡ, ಮನೆಮಂದಿಯ ಹೊಟ್ಟೆಪಾಡನ್ನೆಲ್ಲ ಹೊತ್ತ, ಉದ್ದ ಮೂತಿಯ ಬಿಳಿ ಕಾರನ್ನು ತಾವು ಚೆನ್ನಾಗಿ ಬಲ್ಲಿರಿ.

ಜಲ್ಲಿ ತುಂಬಿದ ಲಾರಿಯಿಂದ ಹಾರಿದ ಕಲ್ಲೊಂದು ಅದರ ಮುಂದಿನ ಗಾಜಿಗೆ ಬಡಿದು, ಸಂಜೆಯೊಳಗೆ ಬಿರುಕು ಈ ಅಂಚಿನಿಂದ ಆ ಅಂಚಿಗೆ ಹರಿದಾಗ, ಹೊಸ ಗಾಜನ್ನು ಯಾರ ಕೈಲಿ ಹಾಕಿಸಬೇಕೆಂಬ ಚರ್ಚೆ ನಮ್ಮ ಅಡುಗೆಮನೆಯಲ್ಲಿ ನಡೆಯಿತು. ಯಜಮಾನರು, ಮನೆಗಳ ಕಿಟಕಿಗೆ ಗಾಜು ಕೂರಿಸುವ ತಮ್ಮ ಬಾಲ್ಯದ ಗೆಳೆಯನಿಗೇ ಕೊಡೋಣ, ಗಾಜು ಎಂದರೆ ಗಾಜು ತಾನೇ ಎಂದರು. ಅತ್ತೆ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿರುವ, ಊರವರು ಗೊಣಗಪ್ಪ ಎಂದು ಕರೆಯುವವನ ಮಾತೆತ್ತಿದರು. ಕಾರಿನ ಗಾಜು ಬದಲಿಸುವುದು ಅವನ ಕಸುಬು, ಗಿರಾಕಿಗಳ ಮೇಲೆ ಸಿಡುಕುವುದು ಉಪಕಸುಬು. ನಾನು ಮಾತ್ರ, ದೊಡ್ಡ ಕಾರಿಗೆ ದೊಡ್ಡ ಬಾಗಿಲೇ ಸರಿ ಎಂದು ತಮ್ಮಲ್ಲಿಗೆ ಬಂದೆ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ನನ್ನಂಥವರು ಇರುವ ತನಕ ತಮ್ಮ ನೊರೆ ಯಂತ್ರಕ್ಕೆ ಬಿಡುವಿರದು.

ತಮ್ಮಲ್ಲಾದ ಸತ್ಕಾರವನ್ನು ಮರೆಯಲಾರೆ. ಬಿಳಿ ಕೈಗವಸು ತೊಟ್ಟ ಇಬ್ಬರು ಕಾರನ್ನು ಆಪರೇಷನ್ನಿಗೆ ಕರೆದೊಯ್ಯುವ ರೋಗಿಯಂತೆ ಒಳಗೆ ನಡೆಸಿಕೊಂಡು ಹೋದರು. ಗಾಜಿನ ಹಿಂದೆ ಒಂದು ಕ್ಯಾಮರಾ ಇದೆಯೆಂದೂ, ದಾರಿಗೆ ಯಾರಾದರೂ ಅಡ್ಡ ಬಂದರೆ ಅದೇ ಕಂಡು ಬ್ರೇಕ್ ಹಾಕಿಸುತ್ತದೆಂದೂ, ಗಾಜು ಬದಲಿಸಿದ ಮೇಲೆ ಅದರ ದೃಷ್ಟಿಯನ್ನು ಮತ್ತೆ ಹೊಂದಿಸುವ ವಿದ್ಯೆ ತಮಗೊಬ್ಬರಿಗೇ ಒಲಿದಿದೆಯೆಂದೂ ತಾವೇ ಕುಳಿತು ತಿಳಿಸಿಕೊಟ್ಟಿರಿ. ಹೊಂದಿಸಿಯೂ ಕೊಟ್ಟಿರಿ. ಅಲ್ಲಿಯವರೆಗೆ ಮನುಷ್ಯರನ್ನಷ್ಟೇ ಮನುಷ್ಯರೆಂದು ತಿಳಿದಿದ್ದ ನಮ್ಮ ಕಾರು, ತಮ್ಮ ಕೈಗುಣದಿಂದ, ಸಕಲ ಚರಾಚರಗಳಲ್ಲೂ ಮನುಷ್ಯರನ್ನು ಕಾಣತೊಡಗಿತು. ಕಂಬದ ನೆರಳು ಕಂಡರೆ ನಿಂತಿತು, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೆ ದಾರಿ ಬಿಟ್ಟಿತು. ಯೋಗಿಗಳಿಗೂ ದುರ್ಲಭವಾದ ಈ ಸಮದೃಷ್ಟಿಯನ್ನು ಒಂದು ಯಂತ್ರಕ್ಕೆ ಕರುಣಿಸಿದ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು.

ಅದರ ಫಲ ಉಂಡವನು ಒಬ್ಬ ಮದುಮಗ. ಅವನು ಬೆಲ್ಟ್ ಬಿಚ್ಚಿ, ಮದುಮಗಳ ಕಡೆ ವಾಲಿ ಏನೋ ಪಿಸುಗುಟ್ಟುವ ಹೊತ್ತಿಗೆ ಸರಿಯಾಗಿ ಕಾರು ಸೇತುವೆಯ ನೆರಳು ಕಂಡು ಗಕ್ಕನೆ ನಿಂತಿತು. ಮುಂದಿನ ಸೀಟಿಗೆ ಬಡಿದು ಊದಿದ ಅವನ ಹಣೆ ಮದುವೆಯ ಎಲ್ಲ ಫೋಟೋಗಳಲ್ಲೂ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ಇದೆ. ಆ ಕಾರು ಹತ್ತಿದರೆ ಮದುವೆಗೆ ಮುಂಚೆಯೇ ಪೆಟ್ಟು ಎಂಬ ಮಾತು ಊರೆಲ್ಲ ಹಬ್ಬಿ, ನಿಗದಿಯಾಗಿದ್ದ ಬಾಡಿಗೆಗಳು ಒಂದೊಂದಾಗಿ ಕೈತಪ್ಪಿದವು.

ಇದನ್ನು ತಮ್ಮಲ್ಲಿ ಬಂದು ಅರಿಕೆ ಮಾಡಿಕೊಂಡಾಗ ತಾವು ಕಂಪ್ಯೂಟರಿನಿಂದ ಕಣ್ಣೆತ್ತದೆ ಆಡಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ: "ಗಾಡಿ ಸರಿಯಾಗೇ ಇದೆ ಮೇಡಂ. ನೀವು ಓಡಿಸೋದೇ ಸರಿಯಿಲ್ಲ." ಸ್ಟೇರಿಂಗ್ ಹಿಡಿದೇ ತಲೆ ನರೆತವಳು ನಾನು. ಆದರೂ ತಾವೇ ಒಮ್ಮೆ ಓಡಿಸಿ ಕಲಿಸಿಕೊಡಬೇಕೆಂದು ಬೇಡಿ, ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತೆ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಕಾಫಿ ಹಿಡಿದು ತಾವು ಹೊರಟ ಠೀವಿಯೇ ಠೀವಿ. ತಮ್ಮದೇ ಗೇಟಿನ ಬಳಿ, ತಮ್ಮದೇ ಕಂಪನಿಯ ಬಾವುಟದ ನೆರಳಿಗೆ ಕಾರು ನಿಂತಿತು, ಕಾಫಿ ನಿಲ್ಲಲಿಲ್ಲ. ಅಂಗಿ ಒರೆಸಿಕೊಳ್ಳುತ್ತಲೇ ತಾವು, ಇದು ಮುಖ್ಯ ಕಚೇರಿ ತೀರ್ಮಾನಿಸಬೇಕಾದ ವಿಷಯ, ಉತ್ತರ ಬರುವವರೆಗೆ ಕಾಯಿರಿ ಎಂದು ಅಪ್ಪಣೆ ಕೊಡಿಸಿದಿರಿ.

ಅಂದು ಊಟಕ್ಕೆ ಕೂತಾಗ ಅತ್ತೆ, ಗಾಜು ಯಾರು ಚೆನ್ನಾಗಿ ಹಾಕುತ್ತಾರೆ ಎಂದು ಕೇಳುವುದೇ ದಂಡ, ಕೆಟ್ಟರೆ ಯಾರು ಎದುರಿಗೆ ನಿಲ್ಲುತ್ತಾರೆ ಎಂದು ಕೇಳಬೇಕು ಎಂದರು. ಮರುದಿನ ಅವರೇ ನನ್ನ ಜೊತೆ ಹೊರಟರು. ಯಜಮಾನರ ಕಿಟಕಿಯ ಗೆಳೆಯ, ಕೆಟ್ಟರೆ ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ, ತನ್ನ ಕೈಲಿ ಕೆಡುವ ಪ್ರಶ್ನೆಯೇ ಇಲ್ಲವೆಂದು ನಕ್ಕ, ಅತ್ತೆ ನಗಲಿಲ್ಲ. ಗೊಣಗಪ್ಪ ನಮ್ಮ ಕಾರನ್ನೂ, ಅದನ್ನು ಹಡೆದ ಕಾರ್ಖಾನೆಯನ್ನೂ, ತಮ್ಮವರು ಮೆತ್ತಿದ ಅಂಟನ್ನೂ, ಊಟದ ಹೊತ್ತಿಗೆ ಬಂದ ನಮ್ಮಿಬ್ಬರನ್ನೂ ಬೈದು ಮುಗಿಸಿ, "ಕೆಟ್ಟರೆ ನನ್ನನ್ನೇ ಬಯ್ಯಿರಿ, ಇನ್ಯಾರನ್ನ ಬಯ್ತೀರಿ?" ಎಂದ. ಅತ್ತೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತೇಬಿಟ್ಟರು. ಅವನು ಗಾಜು ತೆಗೆದು ಹೊಸದಾಗಿ ಕೂರಿಸಿ, ಕ್ಯಾಮರಾ ಹೊಂದಿಸುವ ಯಂತ್ರವಿದ್ದ ತನ್ನ ಷಡ್ಡಕನ ಅಂಗಡಿಗೆ ನಮ್ಮೊಂದಿಗೇ ಬಂದ. ಮೊದಲ ಸಲ ಸರಿಯಾಗಲಿಲ್ಲ. ಷಡ್ಡಕನೊಡನೆ ಜಗಳ ತೆಗೆದು ಇನ್ನೊಮ್ಮೆ ಮಾಡಿಸಿ, ಹಿಂದಿನ ಸೀಟಿನಲ್ಲಿ ಕೂತು, ನೆರಳಿರುವ ದಾರಿಗಳನ್ನೇ ಹುಡುಕಿ ನನ್ನಿಂದ ಓಡಿಸಿದ. ಕಡೆಗೆ ಆ ಸೇತುವೆಯ ಕೆಳಗೂ ಹೊಕ್ಕೆ. ಕಾರು ನಿಲ್ಲಲಿಲ್ಲ. ಅತ್ತೆ ಹಿಂದಿನಿಂದ ನನ್ನ ಹೆಗಲು ಮುಟ್ಟಿ, "ಹೋಗು ಮಗಳೇ, ಸ್ವಲ್ಪ ಜೋರಾಗೇ ಹೋಗು" ಎಂದರು.

ಆಮೇಲೆ ಆ ಮದುಮಗನ ಮನೆಗೆ ಹೋಗಿ, ಅವನ ತಂದೆಯನ್ನು ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಹಾಕಿದೆ. ಮೊನ್ನೆ ಅವರ ಮಗಳ ಮದುವೆಗೆ ನಮ್ಮ ಕಾರೇ ಹೋಯಿತು. ಹಣೆ ಊದಿಸಿಕೊಂಡಿದ್ದ ಅವಳ ಅಣ್ಣ ಮಾತ್ರ ಬೇರೆ ಗಾಡಿಯಲ್ಲಿ ಬಂದ.

ನನ್ನ ಕಷ್ಟ ಕಳೆಯಿತು. ಆದರೂ ತಮ್ಮಲ್ಲಿ ಗಾಜು ಹಾಕಿಸಿಕೊಂಡ ಉಳಿದವರ ಸಲುವಾಗಿ ಒಂದು ಬಿನ್ನಹ. ಊರಿನ ಮರಗಳಿಗೂ ಕಂಬಗಳಿಗೂ ನೋಟಿಸು ಕೊಟ್ಟು, ತಂತಮ್ಮ ನೆರಳನ್ನು ರಸ್ತೆಗೆ ಚೆಲ್ಲದಂತೆ ತಾಕೀತು ಮಾಡಬೇಕು. ಅದಾಗದಿದ್ದರೆ ಸೂರ್ಯನನ್ನೇ ತಮ್ಮ ಮುಖ್ಯ ಕಚೇರಿಯ ಸುಪರ್ದಿಗೆ ತೆಗೆದುಕೊಳ್ಳಬೇಕು. ಆಗ ಅವನು ಹುಟ್ಟುವ ವಿಷಯವೂ ತೀರ್ಮಾನವಾಗದೆ ಉಳಿದು, ನೆರಳಿನ ತೊಂದರೆ ತಾನಾಗಿ ತೀರುತ್ತದೆ.

ತಮ್ಮ ಅಂಗಿಯ ಕಲೆ ಹೋಗಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಬಿಳಿ ಕಾರಿನ ಡ್ರೈವರಮ್ಮ

ಮರೆತ ಮಾತು: ಇದನ್ನು ಬರೆಯುತ್ತಿರುವಾಗಲೇ ತಮ್ಮ ಕಚೇರಿಯ ಹುಡುಗಿಯೊಬ್ಬಳು ಫೋನ್ ಮಾಡಿ, ನಮ್ಮ ಸೇವೆಗೆ ಒಂದರಿಂದ ಹತ್ತರೊಳಗೆ ಅಂಕ ಕೊಡಿ ಎಂದಳು. ಫೋನ್ ಎತ್ತಿದವರು ಅತ್ತೆ. ಅವರು ನಿವೃತ್ತರಾಗುವ ತನಕ ಶಾಲೆಯಲ್ಲಿ ಗಣಿತ ಕಲಿಸಿದವರು; ಸೊನ್ನೆಗಿಂತ ಕೆಳಗೂ ಸಂಖ್ಯೆಗಳಿವೆಯೆಂದು ಆ ಹುಡುಗಿಗೆ ಇನ್ನೂ ವಿವರಿಸುತ್ತಿದ್ದಾರೆ.