ನಮ್ಮ ಗೇಟಿಗೆ ಟ್ಯಾಬ್ಲೆಟ್ ಬಂದ ದಿನ

ಶುಕ್ರವಾರಕ್ಕೊಂದು ಹೊಸ ಸಿನಿಮಾ ಬಂದಂಗ ನನಗೂ ವಾರಕ್ಕೊಂದು ಹೊಸ ನಾಚಿಕಿ ಬರ್ತೈತ್ರಿ. ಗಂಗಾವತಿಯ ಒಂದು ಹಳೇ ಥೇಟರಿನ್ಯಾಗ ಗೇಟ್‌ಕೀಪರ್ ಆಗಿ ಇಪ್ಪತ್ತೆರಡು ವರ್ಷ ಆತು. ಅಷ್ಟೂ ವರ್ಷ ಟಿಕೆಟ್ ಹರಿಯೋದ ನನ್ನ ಕೆಲಸ. ಆದ್ರ ಒಂದ ದಿನದಾಗ ಮೂರು ಸಲ ಮಾನ ಕಳಕೊಂಡದ್ದು ಆ ಟ್ಯಾಬ್ಲೆಟ್ ತಂದ ದಿನ ಮಾತ್ರ. ನೆನಸಿಕೊಂಡ್ರ ಈಗೂ ಕಿವಿ ಬಿಸಿ ಆಗ್ತಾವ.

ಅವತ್ತ ಮುಂಜಾನೆ ಮಾಲಕ್ರು ಕರದು ಹೇಳಿದ್ರು: "ಈಗ ಮಂದಿ ಫೋನಿನ್ಯಾಗ ಟಿಕೆಟ್ ತರ್ತಾರ. ಅದನ್ನ ಹರಿಯಾಕ ಬರಂಗಿಲ್ಲ, ಟ್ಯಾಬ್ಲೆಟ್ ಹಿಡದು ಸ್ಕ್ಯಾನ್ ಮಾಡಬೇಕು. ಗೇಟಿನ್ಯಾಗ ನಿಂದ್ರಾಂವ ನೀನು, ಕೈಗೆ ಹೊಂದೋದು ನೀನ ಆರಿಸ್ಕೊಂಡು ಬಾ. ಇವತ್ತೊಂದು ದಿನ ನೋಡ್ತೀನಿ. ನಿನಗ ನೀಗಲಿಲ್ಲಂದ್ರ ನಾಳಿಯಿಂದ ಸೈಕಲ್ ಸ್ಟ್ಯಾಂಡಿಗೆ."

ಗೇಟಿನ್ಯಾಗ ನಿಂತಾಂವಗ ಊರಾಗ ಒಂದು ಕಿಮ್ಮತ್ತೈತ್ರಿ. ಎಂಥಾ ಸಾಹೇಬ್ರು ಬಂದ್ರೂ ನನ್ನ ಮುಂದ ಒಂದು ಗಳಿಗಿ ನಿಂತ ಒಳಗ ಹೋಗಬೇಕು. ಬಿಸಲಾಗ ಬೈಕ್ ಸರಿಸಿಕೋತ ನಿಂತ್ರ ನನ್ನ ಯಾರು ಕೇಳ್ತಾರ?

ಕತ್ತಲಾಗ ತೋರಸ್ರಿ

ಬಜಾರದಾಗಿನ ಮೊಬೈಲ್ ಅಂಗಡಿಗೆ ಹೋದೆ. ಅಂಗಡ್ಯಾಂವ ಮೂರು ಟ್ಯಾಬ್ಲೆಟ್ ಮುಂದಿಟ್ಟ. ಜೀಬಿ, ಪಿಕ್ಸೆಲ್ಲು, ಬ್ಯಾಟರಿ ಅಂತ ಏನೇನೋ ಮಂತ್ರ ಹೇಳಿದ. ನನಗೊಂದೂ ತಿಳೀಲಿಲ್ಲ. ತಿಳೀಲಿಲ್ಲ ಅನ್ನಾಕ ನಾಚಿಕಿ. ನನಗ ಗೊತ್ತಿದ್ದದ್ದು ಒಂದ, ನನ್ನ ಗೇಟಿನ್ಯಾಗ ಕತ್ತಲ ಭಾಳ. "ಇವನ್ನ ಕತ್ತಲಾಗ ನೋಡಬೇಕ್ರಿ" ಅಂದೆ.

ಬೋಣಿಗಿ ಗಿರಾಕಿ ಅಂತ ಪಾಪ ಆಂವ ಲೈಟ್ ಆರಿಸಿ, ಶಟರ್ ಪೂರಾ ಕೆಳಗ ಎಳದ. ಇಬ್ರೂ ಒಳಗ ಕುಂತು ಒಂದೊಂದ ಹಚ್ಚಿ, ಆರಿಸಿ, ಅರ್ಧ ತಾಸು ನೋಡಿದ್ವಿ. ನಡುವಿಂದು ಛಲೋ ಅನಿಸ್ತು.

ಶಟರ್ ಎತ್ತಿದ್ರ ಏನ ನೋಡ್ತೀರಿ, ಇಡೀ ಸಾಲಿನ ಅಂಗಡಿ ಬಂದ್! ನಮ್ಮ ಬಜಾರದಾಗ ಹಾಡಹಗಲ ಶಟರ್ ಬಿತ್ತಂದ್ರ ಆ ಮನ್ಯಾಗ ಯಾರೋ ತೀರಿಕೊಂಡ್ರು ಅಂತ ಅರ್ಥ. ಬಾಜೂದವರೂ ಮರ್ಯಾದಿಗೆ ಹಾಕ್ತಾರ. ಅಂಗಡ್ಯಾವನ ಅಪ್ಪಗ ಎಂಬತ್ತು ದಾಟಿತ್ತು, ಮಂದಿ ಅವನೇ ಹೋದ ಅಂತ ತಿಳದಾರ. ಎದುರಿನ ಪಾತ್ರಿ-ಭಾಂಡೆ ಅಂಗಡಿ ಸಾವಕಾರ್ರು ಹೂವಿನ ಹಾರ ಹಿಡಕೊಂಡ ನಿಂತಿದ್ರು. "ಎಷ್ಟೊತ್ತಿಗೆ ಹೋದ್ರು? ಒಳಗ ಮಲಗಿಸೀರೇನು?"

ನಾನು ಟ್ಯಾಬ್ಲೆಟ್ ಎದಿಗೆ ಅವುಚಿಕೊಂಡು, "ಯಾರೂ ಹೋಗಿಲ್ರಿ, ನಾ ಬೆಳಕ ನೋಡಾಕತ್ತಿದ್ದೆ" ಅಂದೆ. ಸಾಲಿನವರೆಲ್ಲಾ ನನ್ನ ಮಾರಿ ನೋಡಿದ್ರು. ಮಾರಿ ಎಲ್ಲಿ ಇಡಬೇಕು ತಿಳೀಲಿಲ್ಲ.

ಅಷ್ಟರಾಗ ಅಂಗಡ್ಯಾವನ ಆ ಮುದುಕ ಅಪ್ಪ ತಾನೇ ರಿಕ್ಷಾದಾಗ ಬಂದಿಳಿದ. ಮುಚ್ಚಿದ ಅಂಗಡಿಗಳನ್ನ ನೋಡಿ ಗಾಬರಿಯಾಗಿ, "ಯಾರು ಹೋದ್ರೋ? ನನಗ್ಯಾಕ ಹೇಳಿಲ್ಲ?" ಅಂದ. ಸಾವಕಾರ್ರು ಹಾರಾನ ಬೆನ್ನ ಹಿಂದ ಸರಿಸಿದ್ರು. ಮುದುಕ ನೋಡೇಬಿಟ್ಟ. ಎಲ್ಲಾ ಕೇಳಿ ತಿಳಕೊಂಡು, ನನ್ನನ್ನ ಒಂದು ಸಲ ಮ್ಯಾಲಿಂದ ಕೆಳಗ ನೋಡಿ, ಸಾವಕಾರ್ರಿಗೆ ಕೈ ಚಾಚಿದ: "ತಂದದ್ದು ಯಾಕ ಹಾಳು ಮಾಡ್ತಿ, ಕೊಡಿಲ್ಲೆ, ಲಕ್ಷ್ಮಿ ಫೋಟೊಕ್ಕ ಹಾಕ್ತೀನಿ. ನನ್ನ ಪಾಳಿ ಬಂದಾಗ ಹೊಸಾದು ತಾ."

ಕೈ ನನ್ನ ಮಾತ ಕೇಳಲಿಲ್ಲ

ಮ್ಯಾಟಿನಿಗೆ ಟ್ಯಾಬ್ಲೆಟ್ ಕೊರಳಿಗೆ ಜೋತುಬಿಟ್ಟುಕೊಂಡು ನಿಂತೆ. ಮಂದಿ ಫೋನ್ ತೋರಸೋದು, ನಾ ಹಿಡಿಯೋದು, ಟಿಣ್ ಅನ್ನೋದು. ಹದಿನೈದು ಮಂದಿ ತನಕ ಒಂದೂ ತಪ್ಪಲಿಲ್ಲ. ಆಫೀಸಿನ ಕಿಡಕ್ಯಾಗಿಂದ ಮಾಲಕ್ರು ನೋಡಾಕತ್ತಿದ್ರು. ಇಷ್ಟ ಏನು ಅಂತ ನನಗ ಸ್ವಲ್ಪ ಸೊಕ್ಕು ಬಂತು.

ಆಗ ನಮ್ಮ ಓಣಿ ಸಾಲಿ ಮಾಸ್ತರ್ರು ಬಂದು ಫೋನ್ ಕೈಗೆ ಕೊಟ್ರು. ಟಿಣ್ ಅನಿಸಿದೆ. "ಮನ್ಯಾಗ ಎಲ್ಲಾ ಆರಾಮ ಅದಾರೇನ್ರಿ?" ಅಂತ ಕೇಳಿಕೋತ ನಿಂತೆ. ಕೈಗೆ ಇಪ್ಪತ್ತೆರಡು ವರ್ಷದ ರೂಢಿ. ಅದು ತನ್ನ ಪಾಡಿಗೆ ತಾ ಕೆಲಸ ಮಾಡ್ತು. ಅವರ ಫೋನಿಗೆ ಪುಸ್ತಕದಂಗ ತಗಿಯೋ ಒಂದು ಹಳೇ ಕವರ್ ಇತ್ತು. ಚರ್ ಅಂತ ಅರ್ಧ ಹರದು ಟಿಕೆಟ್ ಡಬ್ಬ್ಯಾಗ ಹಾಕಿ, ಉಳಿದರ್ಧ ಫೋನಿನ ಜೋಡಿ ವಾಪಸ್ ಕೊಟ್ಟುಬಿಟ್ಟೆ.

ಮಾಸ್ತರ್ರು ಫೋನ್ ನೋಡಿದ್ರು, ನನ್ನ ನೋಡಿದ್ರು. "ಇದೇನ್ರಿ ಇದು?"

ನನ್ನ ಬಾಯಿಗೂ ರೂಢಿ ಐತಲ್ರಿ, ಅದೂ ಸುಮ್ಮನಿರಲಿಲ್ಲ: "ಇಂಟರ್ವಲ್ದಾಗ ಹೊರಗ ಹೋದ್ರ ಆ ಅರ್ಧ ಕಳೀಬ್ಯಾಡ್ರಿ. ತೋರಸಿದ್ರನ ಒಳಗ ಬಿಡೋದು!"

ನಮ್ಮ ಬೀಗರು

ಸಂಜಿ ಆಟಕ್ಕ ಮಾಲಕ್ರು ತಾವ ಬಂದು ನನ್ನ ಬಾಜೂಕ ನಿಂತ್ರು. ಎಷ್ಟ ಆಸ್ತಿ ಇದ್ರೂ ಅವರು ಹಾಕ್ಕೊಳ್ಳೋದು ಬಣ್ಣ ಹೋದ ಅಂಗಿ, ಹವಾಯಿ ಚಪ್ಪಲ್ಲು. ಮಾಸ್ತರ್ರ ಸುದ್ದಿ ಅವರಿಗೆ ಮುಟ್ಟಿತ್ತು. "ಇನ್ನೊಂದು ತಪ್ಪಾದ್ರ ಮುಗೀತು ನೋಡು" ಅಂದ್ರು.

ಅದ ಹೊತ್ತಿಗೆ ಟಂಟಂ ಗಾಡಿಯಿಂದ ಒಂಬತ್ತು ಮಂದಿ ಇಳದ್ರು. ನನ್ನ ಮಗಳನ್ನ ಯಲಬುರ್ಗಾಕ್ಕ ಕೊಟ್ಟೀವಿ, ಅವಳ ಮಾವ, ಅಂದ್ರ ನಮ್ಮ ಬೀಗರು, ಮನಿ ಮಂದೀನೆಲ್ಲಾ ಕಟ್ಟಿಕೊಂಡು ಬಂದಿದ್ರು. ಯಾರ ಕೈಯಾಗೂ ಟಿಕೆಟ್ ಇಲ್ಲ. ತಪ್ಪು ನಂದ. ಹತ್ತು ವರ್ಷದ ಹಿಂದ ಲಗ್ನದಾಗ ದೊಡ್ಡಸ್ತಿಕಿ ತೋರಸಾಕ ಹೋಗಿ, "ಥೇಟರ್ ನಿಮ್ದ ಅಂತ ತಿಳೀರಿ ಬೀಗರ" ಅಂದಿದ್ದೆ. ಅವರು ಹಂಗ ತಿಳಕೊಂಡ್ರು.

ಟಿಕೆಟ್ ಕೇಳಿದ್ರ ಮಗಳು ಅತ್ತಿಮನ್ಯಾಗ ಮಾತ ಕೇಳಬೇಕು. ನಾ ಟಿಕೆಟ್ ಕೇಳಲಿಲ್ಲಂದ್ರ ನನ್ನ ಗೇಟು ಹೋಗ್ತೈತಿ. ಬೀಗರಿಗೆ ಕಣ್ಣ ಹೊಡದೆ.

"ಕಣ್ಣಾಗ ಏನ ಬಿತ್ರಿ ಬೀಗರ? ಊದಲೇನು?" ಅಂದ್ರು.

ಸಾಯೋ ದನಿಯಾಗ, "ಟಿಕೆಟ್ ತೋರಸ್ರಿ" ಅಂದೆ.

ಬೀಗರು ಹೊಟ್ಟಿ ಹಿಡಕೊಂಡು ನಕ್ರು. "ಏನ ಚಾಷ್ಟಿ ಮಾಡ್ತೀರ್ರೀ! ಹತ್ತು ವರ್ಷದಾಗ ಒಂದ ದಿನಾನೂ ಟಿಕೆಟ್ ತಗೊಂಡಿಲ್ಲ, ಇವತ್ತ ತಗೋತೀವೇನು?" ಅಂದವರು ಮಾಲಕ್ರ ಕಡೆ ತಿರುಗಿದ್ರು. ಅವರ ಅಂಗಿ ನೋಡಿದ್ರು, ಚಪ್ಪಲ್ ನೋಡಿದ್ರು, ಕರಳ ಚುರ್ ಅಂತು. "ಯಾಕ ಯಜಮಾನ್ರ, ಹೊರಗ ನಿಂತೀರಿ? ಟಿಕೆಟ್ಟಿಗೆ ರೊಕ್ಕ ಸಾಲಲಿಲ್ಲೇನು? ನಾಚಬ್ಯಾಡ್ರಿ, ನಮ್ಮ ಜೋಡಿ ಬರ್ರಿ. ನಮ್ಮ ಬೀಗರು ಗೇಟಿನ್ಯಾಗ ಇರೋತನಕ ಇಲ್ಲಿ ಯಾವ ಮಗನೂ ಕೇಳಂಗಿಲ್ಲ!" ಅಂತ ಮಾಲಕ್ರ ಕೈ ಹಿಡದು ಎಳಕೊಂಡು ಒಳಗ ಹೊಂಟ್ರು. ಮಾಲಕ್ರೂ ಅವರ ಹಿಂದಿಂದ ಹೋದ್ರು. ಭೂಮಿ ಬಾಯಿ ಬಿಟ್ಟಿದ್ರ ನಾ ಟ್ಯಾಬ್ಲೆಟ್ ಸಮೇತ ಇಳದಬಿಡ್ತಿದ್ದೆ.

ಇಂಟರ್ವಲ್ ತನಕ ಗೇಟಿನ್ಯಾಗ ಬೆವತು ನಿಂತೆ. ಮಾಲಕ್ರು ಹೊರಗ ಬಂದಾಗ ಕೈಯಾಗ ಮಿರ್ಚಿ ಭಜಿ. ತಮ್ಮ ಕ್ಯಾಂಟೀನಿಂದ, ಬೀಗರು ಕೊಡಿಸಿದ್ದು. ನಾನು ಟ್ಯಾಬ್ಲೆಟ್ ಬಿಚ್ಚಿ ಎರಡೂ ಕೈಲೆ ಮುಂದ ಹಿಡದೆ. ಕಣ್ಣ ಎತ್ತಲಿಲ್ಲ. "ತಪ್ಪಾತ್ರಿ. ನಾಳಿಯಿಂದ ಸೈಕಲ್ ಸ್ಟ್ಯಾಂಡಿಗೆ ಹೋಗ್ತೀನಿ."

ಮಾಲಕ್ರು ಸಾವಕಾಶ ಭಜಿ ತಿಂದು ಮುಗಿಸಿ, ಕೈ ಒರಸಿಕೊಂಡ್ರು.

"ಅಲ್ಲಿ ನಿನ್ನ ನಿಂದ್ರಿಸಿದ್ರ ಯಲಬುರ್ಗಾ ತಾಲೂಕಿನ ಗಾಡೀನೆಲ್ಲಾ ಪುಕ್ಕಟ ನಿಲ್ಲಸ್ತಿ. ಸುಮ್ನ ಗೇಟಿನ್ಯಾಗ ಇರು. ಇಲ್ಲಿ ನಿನ್ನ ಕಾಯಾಕ ಟ್ಯಾಬ್ಲೆಟ್ಟಾದ್ರೂ ಐತಿ."