ಬಾಗಿಲಿಗೆ ಬಂದ ಹೊಟ್ಟೆಕಿಚ್ಚು

ಎಲ್ಲ ಅವಾಂತರಕ್ಕೂ ಕಾರಣ ಅಂಗೈಯಗಲದ ಒಂದು ಚೀಟಿ. ನಡುವೆ ಗೆರೆ ಎಳೆದು, ಒಂದು ಬದಿಗೆ ‘ಚೆನ್ನಾಗಿರುವುದು’ ಎಂದೂ ಇನ್ನೊಂದು ಬದಿಗೆ ‘ಚೆನ್ನಾಗಿಲ್ಲದ್ದು’ ಎಂದೂ ಅಚ್ಚು ಹಾಕಿಸಿದ್ದರು. ಹೆಸರು ಬರೆಯಲು ಜಾಗವಿರಲಿಲ್ಲ. ಹೆಸರು ಹಾಕಬೇಕಾಗಿಲ್ಲ ಎಂದು ಗೊತ್ತಾದ ಕೂಡಲೇ ಎಂಥ ಸಾಧುವಿನ ಕೈಯೂ ಸ್ವಲ್ಪ ತುರಿಸುತ್ತದೆ. ಬಾಗಿಲಣ್ಣನಂತೂ ಸಾಧುವೇನಲ್ಲ.

ಬಾಗಿಲಣ್ಣ ಎನ್ನುವುದು ಡಬ್ಬಿಂಗ್ ಸ್ಟುಡಿಯೋದವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷದಿಂದ ಅವನು ಪರದೆಯ ಮೇಲಿನವರ ಬಾಯಿಗೆ ದನಿ ಕೊಡುತ್ತಿದ್ದ. ಎರಡನೇ ಪೊಲೀಸ್, ಮೂರನೇ ಕಳ್ಳ, ಪಕ್ಕದ ಮನೆಯ ಕೆಮ್ಮು, ಒಮ್ಮೆ ಗಾಯಗೊಂಡ ಕುದುರೆ. ಈ ಸಲ ಬಂದಿದ್ದದ್ದು ‘ನೆರಳಿಲ್ಲದವರ ಶಾಲೆ’ ಎಂಬ ಅನಿಮೆ, ಜಪಾನಿನ ಕಾರ್ಟೂನ್ ಧಾರಾವಾಹಿ. ಹದಿನಾಲ್ಕು ಸಂಪುಟದ ಚಿತ್ರಕಥಾ ಪುಸ್ತಕವನ್ನು ತೆರೆಗೆ ತಂದದ್ದು. ಅದೊಂದು ಮಾಟದ ಶಾಲೆ. ಸೇರುವ ಮಕ್ಕಳು ತಮ್ಮ ನೆರಳನ್ನು ಬಿಚ್ಚಿ ಕೊಡಬೇಕು. ಹೆಡ್‌ಮಾಸ್ಟರು ಅದನ್ನು ಇಸ್ತ್ರಿ ಬಟ್ಟೆಯ ಹಾಗೆ ಮಡಚಿ ಬೀರುವಿನಲ್ಲಿಡುತ್ತಾನೆ.

ಆ ಹೆಡ್‌ಮಾಸ್ಟರಿಗೆ ಮೊದಲ ಎರಡು ಕಂತಿನಲ್ಲಿ ಹತ್ತೇ ಮಾತು. ಆದರೆ ಹತ್ತಕ್ಕೂ ನೋಡುವವರ ಬೆನ್ನು ತಣ್ಣಗಾಗಬೇಕು. ಸ್ಟುಡಿಯೋದ ಗಂಡಸರೆಲ್ಲ ಆ ಪಾತ್ರಕ್ಕೆ ದನಿಪರೀಕ್ಷೆ ಕೊಟ್ಟಿದ್ದರು. ಬಾಗಿಲಣ್ಣನ ಸರದಿಯ ದಿನ ಅವನಿಗೆ ವಿಪರೀತ ಶೀತ. ಹತ್ತೂ ಮಾತನ್ನು ಹೇಗೋ ಮುಗಿಸಿದ ಮೇಲೆ ನಿರ್ದೇಶಕಿ ಮೇಡಂ, “ಸಾಕು, ಮನೆಗೆ ಹೋಗಿ ಮಲಗಿ” ಎಂದು ಕಳಿಸಿದ್ದರು. ಕೊನೆಗೆ ಅವನ ಪಾಲಿಗೆ ಬಂದದ್ದು ಶಾಲೆಯ ಗ್ರಂಥಾಲಯದ ಮಾತಾಡುವ ಬಾಗಿಲು. ಅಂದಿನಿಂದ ಬಾಗಿಲಣ್ಣ.

ಹೆಡ್‌ಮಾಸ್ಟರು ಯಾರೆಂದು ಮೇಡಂ ಬಾಯಿಬಿಟ್ಟಿರಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ, ಬಾಗಿಲಣ್ಣನಿಗೆ ಗೊತ್ತಿತ್ತು. ಜೇನುಗಂಟಲು ಅಲ್ಲದೆ ಇನ್ಯಾರು? ತನಗಿಂತ ಹತ್ತು ವರ್ಷ ಚಿಕ್ಕವನು, ಬಂದ ಆರೇ ತಿಂಗಳಿಗೆ ನಾಯಕನ ದನಿಯಾದವನು, ಸದಾ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬಿಸಿನೀರಿನ ಫ್ಲಾಸ್ಕ್ ಹಿಡಿದು ಓಡಾಡುವವನು. ಆ ಫ್ಲಾಸ್ಕ್ ಕಂಡರೇ ಬಾಗಿಲಣ್ಣನಿಗೆ ಗಂಟಲು ಒಣಗುತ್ತಿತ್ತು.

“ಇವತ್ತು ಎರಡೂ ಕಂತು ನಮಗೆ ತೋರಿಸ್ತಾರೆ,” ಎಂದು ಅವನು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತ ಹೆಂಡತಿಗೆ ಹೇಳಿದ. “ನೋಡಿ ಚೀಟಿ ಬರೀಬೇಕು. ಏಳು ಜನರಲ್ಲಿ ನಾಲ್ಕು ಜನ ಯಾವ್ದನ್ನ ಬೇಡ ಅಂತಾರೋ ಅದನ್ನ ಬದಲಾಯಿಸ್ತಾರಂತೆ. ಅವನ ದನಿ ಹೋದ್ರೆ ಆ ಪಾತ್ರ ಮತ್ತೆ ಖಾಲಿ.”

“ರಾತ್ರಿಯೆಲ್ಲ ಅವನ ಹೆಸರು ಹೇಳ್ಕೊಂಡೇ ಹೊರಳಾಡ್ತಿದ್ರಿ,” ಎಂದಳು ಹೆಂಡತಿ. “ನನ್ನ ಹೆಸರನ್ನ ಒಂದಿನ ಹಾಗೆ ಹೇಳಿದ್ದಿಲ್ಲ. ಆ ದನಿ ಬದಲಾದ್ರೆ ನಿಮಗೆ ನೆಮ್ಮದಿ ಆಗುತ್ತಾ?”

“ಆಗುತ್ತೆ,” ಎಂದು ಬಾಗಿಲಣ್ಣ ಹೊರಟ.

ಹತ್ತು ಗಂಟೆಗೆ ಸ್ಟುಡಿಯೋದ ಪುಟ್ಟ ಹಾಲಿನಲ್ಲಿ ಪ್ರದರ್ಶನ ಶುರುವಾಯಿತು. ಮೊದಲ ಐದು ನಿಮಿಷ ಪರದೆಯ ಮೇಲೆ ಬರೀ ಕತ್ತಲು, ಒಂದು ಮೊಂಬತ್ತಿ, ಮಕ್ಕಳ ಉಸಿರು. ಆಮೇಲೆ ಬೀರುವಿನ ಬಾಗಿಲು ತೆರೆದು ಆ ದನಿ ಬಂತು: “ನಿನ್ನ ನೆರಳು ಇಲ್ಲೇ ಇರಲಿ ಮಗು. ನೀನು ಹೋಗು.”

ಬಾಗಿಲಣ್ಣನ ಮೈ ಜುಮ್ಮೆಂದಿತು. ದನಿ ಪಾಳುಬಾವಿಯ ತಳದಿಂದ ಬಂದ ಹಾಗಿತ್ತು, ಒರಟಾಗಿ, ಒದ್ದೆಯಾಗಿ, ಆದರೂ ಒಂದು ಥರ ಪ್ರೀತಿಯಿಂದ. ಇಪ್ಪತ್ತೆರಡು ವರ್ಷ ತಾನು ಹುಡುಕಿದ್ದು ಈ ದನಿಯನ್ನೇ. ಅದು ಜೇನುಗಂಟಲಿಗೆ ಸಿಕ್ಕಿಬಿಟ್ಟಿತಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿದ್ದಿತು. ಪಕ್ಕಕ್ಕೆ ನೋಡಿದರೆ ಜೇನುಗಂಟಲು ಫ್ಲಾಸ್ಕಿನ ಮುಚ್ಚಳ ತೆಗೆಯುವುದನ್ನೂ ಮರೆತು ಬಾಯಿ ತೆರೆದು ಕೂತಿದ್ದ. ತನ್ನ ದನಿಗೆ ತಾನೇ ಮರುಳಾಗಿದ್ದಾನೆ, ಅಹಂಕಾರಿ, ಎಂದುಕೊಂಡ ಬಾಗಿಲಣ್ಣ.

ಮುಗಿದ ಮೇಲೆ ಮೇಡಂ ಚೀಟಿ ಹಂಚಿದರು. ಒಂದು ಗಂಟೆಯೊಳಗೆ ಡಬ್ಬಿಗೆ ಹಾಕಬೇಕು.

ಕನ್ನಡಕ್ಕೆ ಮಾತು ಬರೆದಿದ್ದ ಅಕ್ಕ ಮೆಟ್ಟಿಲ ಮೇಲೇ ಕೂತು ಬರೆಯತೊಡಗಿದರು. “ಚಿತ್ರ ಚೆನ್ನಾಗಿದೆ, ಕತ್ತಲೆ ಚೆನ್ನಾಗಿದೆ,” ಎಂದು ಗೊಣಗಿದರು. “ಆದ್ರೆ ಮೂರು ಸಂಪುಟನ ಎರಡು ಕಂತಿಗೆ ತುರುಕಿದ್ದಾರೆ ಕಣಪ್ಪ. ಆ ಹುಡುಗಿ ನೆರಳು ಕೊಡೋ ಮುಂಚೆ ಅದರ ಜೊತೆ ಒಂದಿಡೀ ದಿನ ಆಟ ಆಡ್ತಾಳೆ ಪುಸ್ತಕದಲ್ಲಿ. ಅದನ್ನೇ ಕತ್ತರಿಸಿದ್ರೆ ಕೊಟ್ಟಾಗ ಯಾರಿಗೆ ಅಳು ಬರುತ್ತೆ?”

“ಹೆಡ್‌ಮಾಸ್ಟರ ದನಿ?”

“ಅದೊಂದೇ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿರೋದು.”

ಇಲ್ಲಿ ಬೇಳೆ ಬೇಯುವುದಿಲ್ಲವೆಂದು ಬಾಗಿಲಣ್ಣ ಟೀ ಮಾಡುವ ಚಿಕ್ಕಮ್ಮನ ಹತ್ತಿರ ಹೋದ. ಅವರು ಎಲ್ಲರಿಗೂ ಚಿಕ್ಕಮ್ಮ.

“ಆ ಹೆಡ್‌ಮಾಸ್ಟರು ಮಾತಾಡಿದ್ದು ನಿಮಗೆ ಅರ್ಥ ಆಯ್ತಾ ಚಿಕ್ಕಮ್ಮ?”

“ಆಯ್ತಲ್ಲ.”

“ಪೂರ್ತಿ ಆಯ್ತಾ? ನಂಗೆ ಗೋಣಿಚೀಲ ನೆಲದ ಮೇಲೆ ಎಳೆದ ಹಾಗಿತ್ತಪ್ಪ. ನಿಮ್ಮ ಮೊಮ್ಮಗು ಕೇಳಿದ್ರೆ ವಾರಗಟ್ಟಲೆ ಊಟ ಬಿಡುತ್ತೆ.”

ಮೊಮ್ಮಗುವಿನ ಊಟದ ವಿಷಯಕ್ಕೆ ಬಂದರೆ ಚಿಕ್ಕಮ್ಮ ಯಾರನ್ನೂ ಕ್ಷಮಿಸುವವರಲ್ಲ. ಅಲ್ಲೇ ಗೋಣಿಚೀಲ ಎಂದು ಬರೆದರು. ಡ್ರೈವರನಿಗೆ ದನಿಯ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಚಿಕ್ಕಮ್ಮನದನ್ನು ನೋಡಿ ಇಳಿಸಿಕೊಂಡ. ರಿಸೆಪ್ಷನಿನ ಹುಡುಗಿ ಹೆದರಿ ಎರಡು ಕಂತೂ ಕಣ್ಣುಮುಚ್ಚಿ, ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದಳು. “ನಂದೂ ನೀವೇ ಬರೆದುಬಿಡಿ ಅಣ್ಣ, ನಿಮಗೆ ಪುಣ್ಯ ಬರುತ್ತೆ,” ಎಂದು ಚೀಟಿ ಕೊಟ್ಟಳು. ಬಾಗಿಲಣ್ಣ ಎಡಗೈಯಲ್ಲಿ ಬರೆದು ಪುಣ್ಯ ಕಟ್ಟಿಕೊಂಡ.

ತನ್ನದೂ ಸೇರಿ ನಾಲ್ಕಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊಟ್ಟೆಕಿಚ್ಚಿಗೆ ಅಷ್ಟಕ್ಕೆ ಸಮಾಧಾನವೆಲ್ಲಿ? ಅವನು ಧ್ವನಿ ಇಂಜಿನಿಯರನ ಕೋಣೆಗೂ ನುಗ್ಗಿದ. ದಿನವಿಡೀ ಗುಂಡಿ ತಿರುಗಿಸುವುದರಿಂದ ಆತನಿಗೆ ಗುಂಡಿರಾಯ ಎಂದೇ ಹೆಸರು.

“ಹೆಡ್‌ಮಾಸ್ಟರ ದನಿ ಬಗ್ಗೆ ಏನು ಬರೆದೆ?”

ಗುಂಡಿರಾಯ ಅವನನ್ನು ವಿಚಿತ್ರವಾಗಿ ನೋಡಿದ. “ಚೆನ್ನಾಗಿದೆ ಅಂತ ಬರೆದೆ. ನೀವು?”

“ಅದೊಂದು ದನಿಯೇನಪ್ಪ? ಇಪ್ಪತ್ತು ವರ್ಷ ದುಡಿದ್ರೂ ಆ ಮನುಷ್ಯನಿಗೆ ಬಾಯಿ ತೆರೆಯೋಕೆ ಬರಲ್ಲ.”

“ಅಣ್ಣ, ಚೀಟಿ ಹಾಕಿಬಿಟ್ರಾ?”

“ಹಾಕಿದೆ.”

“ವಾಪಸ್ ತಗೊಳ್ಳೋಕೆ ಆಗಲ್ವಾ?”

“ಯಾಕೆ ತಗೊಳ್ಳಲಿ?”

ಗುಂಡಿರಾಯ ಬಾಯಿ ತೆರೆದು, ಗಾಜಿನಾಚೆ ನಿಂತಿದ್ದ ಮೇಡಂ ಕಡೆ ನೋಡಿ ಮುಚ್ಚಿಕೊಂಡ. “ಮೇಡಂ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದಾರೆ,” ಎಂದಷ್ಟೇ ಹೇಳಿ ಗುಂಡಿ ತಿರುಗಿಸತೊಡಗಿದ. ಇವನೂ ಜೇನುಗಂಟಲಿನ ಕಡೆಯವನೇ ಎಂದು ಬಾಗಿಲಣ್ಣ ಬಾಗಿಲನ್ನು ದಡಾರನೆ ಹಾಕಿಕೊಂಡು ಹೊರಟ.

ಮೂರು ಗಂಟೆಗೆ ಎಲ್ಲರನ್ನೂ ಹಾಲಿಗೆ ಕರೆದು ಮೇಡಂ ಚೀಟಿಗಳನ್ನು ಒಂದೊಂದಾಗಿ ಓದಿದರು. ಮಾತಿನ ಅಕ್ಕನ ದೂರು ಬಂತು. ಕತ್ತಲೆ ಎಷ್ಟಿದೆಯೆಂದರೆ ಯಾರು ಸತ್ತರೆಂದೇ ತಿಳಿಯಲಿಲ್ಲ ಎಂಬ ಡ್ರೈವರನ ಸ್ವಂತ ಸಂಶೋಧನೆ ಬಂತು. ಅದರ ಬೆನ್ನಿಗೆ ಗೋಣಿಚೀಲ. ಮತ್ತೆ ಗೋಣಿಚೀಲ. ಮೂರನೇ ಗೋಣಿಚೀಲಕ್ಕೆ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕನೆಯದರಲ್ಲಿ, “ಈ ದನಿಯವನು ಬೇರೆ ಕೆಲಸ ನೋಡಿಕೊಳ್ಳುವುದು ಲೇಸು,” ಎಂದಿತ್ತು. ಬಾಗಿಲಣ್ಣ ಆ ಸಾಲಿಗೆ ಮನಸ್ಸಿನಲ್ಲೇ ತಲೆದೂಗಿದ.

ಕೊನೆಯ ಚೀಟಿ ಉದ್ದವಾಗಿತ್ತು. “ಹೆಡ್‌ಮಾಸ್ಟರ ದನಿ ಕೇಳಿ ನನಗೆ ಹೊಟ್ಟೆ ಉರಿಯಿತು. ನಾನು ಅದೇ ಹತ್ತು ಮಾತನ್ನು ಪರೀಕ್ಷೆಯಲ್ಲಿ ಹೇಳಿದ್ದೆ. ಹೀಗೆ ಹೇಳಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಅವರು ಯಾರೇ ಇರಲಿ, ಅವರ ಹತ್ತಿರ ಕಲಿಯಬೇಕು.”

ಜೇನುಗಂಟಲು ತಲೆ ತಗ್ಗಿಸಿ ಫ್ಲಾಸ್ಕ್ ನೋಡುತ್ತಿದ್ದ. ಬಾಗಿಲಣ್ಣ ಅವನತ್ತ ತಿರುಗಿದ. ಆ ಚೀಟಿ ಇವನದೇ. ಹಾಗಾದರೆ ಹೆಡ್‌ಮಾಸ್ಟರು ಮತ್ಯಾರು?

“ಹೆಸರು ನೋಡಿ ಯಾರೂ ಬರೀಬಾರ್ದು ಅಂತ ಗುಟ್ಟಾಗಿ ಇಟ್ಟಿದ್ದೆ,” ಎಂದರು ಮೇಡಂ. “ಅವರಿಗೇ ಹೇಳಿರಲಿಲ್ಲ, ಹೇಳಿದ್ರೆ ಊರಿಗೆಲ್ಲ ಸಾರಿಬಿಡ್ತಾರೆ ಅಂತ. ಪರೀಕ್ಷೆ ದಿನ ಅವರಿಗೆ ಶೀತ ಆಗಿತ್ತು. ಆ ರೆಕಾರ್ಡನ್ನೇ ಗುಂಡಿರಾಯ ಇನ್ನೂ ಸ್ವಲ್ಪ ಕೆಳಗಿಳಿಸಿ, ಬಾವಿಯ ಪ್ರತಿಧ್ವನಿ ಸೇರಿಸಿದ. ಅದು ನಮ್ಮ ಬಾಗಿಲಣ್ಣನ ದನಿ.”

ಏಳೂ ಜನರ ಕಣ್ಣು ಅವನ ಮೇಲೆ ಬಿತ್ತು. ಏಳನೆಯವನು ಅವನೇ, ಅವನಿಗೆ ನೋಡಲು ಜಾಗವಿರಲಿಲ್ಲ.

“ನಂಗೆ ತುಂಬ ಇಷ್ಟ ಆಗಿತ್ತು. ಆದ್ರೆ ನಾಲ್ಕು ಜನ ಬೇಡ ಅಂದಿದ್ದಾರೆ, ಮಾತಂದ್ರೆ ಮಾತು,” ಎಂದರು ಮೇಡಂ. “ಹೆಸರು ಗೊತ್ತಿಲ್ದೆ ಬರೆದದ್ದು, ಅದರಲ್ಲಿ ಮೋಸ ಇರೋಕೆ ಸಾಧ್ಯ ಇಲ್ಲ. ಯಾರಾದ್ರೂ ಬೇಕಂತಲೇ ಬರೆಸಿದ್ದು ಗೊತ್ತಾದ್ರೆ ಅವರು ನಾಳೆಯಿಂದ ಸ್ಟುಡಿಯೋಗೆ ಬರೋದೇ ಬೇಡ. ಏನ್ ಬಾಗಿಲಣ್ಣ, ಏನಾದ್ರೂ ಹೇಳೋದಿದೆಯಾ?”

ಚಿಕ್ಕಮ್ಮ, ಡ್ರೈವರ್, ರಿಸೆಪ್ಷನಿನ ಹುಡುಗಿ ಮೂವರೂ ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದರು.

“ಇಲ್ಲ ಮೇಡಂ,” ಎಂದ ಬಾಗಿಲಣ್ಣ. ಆ ದನಿ ಗೋಣಿಚೀಲ ಎಳೆದ ಹಾಗೇ ಇತ್ತು.

ಪಾತ್ರ ಜೇನುಗಂಟಲಿಗೆ ಹೋಯಿತು. ಅವನು ಬೇಡವೆಂದ, ಮೇಡಂ ಬಿಡಲಿಲ್ಲ. ಐದು ಗಂಟೆಗೆ ಬಾಗಿಲಣ್ಣ ಗಾಜಿನ ಕೋಣೆಯ ಹೊರಗೆ ತನ್ನ ಬಾಗಿಲಿನ ಸರದಿಗೆ ಕಾಯುತ್ತಿದ್ದಾಗ ಜೇನುಗಂಟಲು ಬಂದು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟ. “ಅಣ್ಣ, ನಿಮ್ಮ ಅನ್ನ ಕಿತ್ಕೊಂಡ ಹಾಗಾಯ್ತು. ಆ ‘ಮಗು’ ಅನ್ನೋ ಮಾತನ್ನ ಅಷ್ಟು ಪ್ರೀತಿಯಿಂದ ಹೇಗೆ ಹೇಳಿದ್ರಿ, ಸ್ವಲ್ಪ ಹೇಳಿಕೊಡ್ತೀರಾ? ನಾಲ್ಕು ಜನಕ್ಕೆ ಕಿವಿ ಇಲ್ಲ ಅಷ್ಟೇ, ಅವರ ಮಾತನ್ನ ಮನಸ್ಸಿಗೆ ಹಚ್ಕೋಬೇಡಿ.”

ಬಾಗಿಲಣ್ಣ ಬಿಸಿನೀರು ಕುಡಿದ.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಅಲುಗಿತು. ಹೆಂಡತಿ.

“ಏನಾಯ್ತು? ಆ ಹೆಡ್‌ಮಾಸ್ಟರ ದನಿ ಬದಲಾಯಿಸಿದ್ರಾ?”

“ಬದಲಾಯಿಸಿದ್ರು.”

“ಸದ್ಯ,” ಎಂದಳು ಹೆಂಡತಿ. “ಇನ್ನಾದ್ರೂ ರಾತ್ರಿ ನೆಮ್ಮದಿಯಾಗಿ ಮಲಗಿ.”